ಯಾವ ಬಣ್ಣ

ಮೀನುಪೇಟೆಯ ಹಿಂದಿನ ಚಾ ಅಂಗಡಿಯ ಬೆಂಚಿನಲ್ಲಿ
ಮತ್ತೆ ಶುರುವಾಗಿದೆ ಜಗಳ.
ಕೆಂಪು, ಅನ್ನುತ್ತಾನೆ ಮಿಂಗೇಲ್,
ಮುರುಗಲ ಹಣ್ಣಿನ ಕೆಂಪು.
ಅಲ್ಲವೇ ಅಲ್ಲ, ಉಮಾಕಾಂತ ಗ್ಲಾಸು ಕುಕ್ಕುತ್ತಾನೆ,
ಕಂದು, ಅಂಚಿಗೆ ಮಾತ್ರ ಕಪ್ಪು,
ಸುಟ್ಟ ಗೇರುಬೀಜದ ಹಾಗೆ.
ನೀ ಹೇಳೋ ಪುರ್ಸು, ಯಾವ ಬಣ್ಣ?
ನಾನು ಬನ್ಸ್ ಮುರಿಯುತ್ತೇನೆ.

ರುಜಾರ್ ಬಾಬನ ಅಂಗಡಿ. ಗ್ರೀನ್ ಸ್ಟ್ರೀಟಿನ ಒಂದು ಸಂದಿ,
ಕೆಳಗೆ ಹೊಲಿಗೆಯವ, ಮೇಲಕ್ಕೆ ಹದಿಮೂರು ಮೆಟ್ಟಿಲು,
ಏಳನೆಯದು ಇರಲಿಲ್ಲ.
ಆಂಪ್ಲಿಫೈಯರ್ ಹೊತ್ತು ಇಳಿದ ಕಾಲುಗಳಿಗೆ
ಕತ್ತಲಲ್ಲೂ ನೆನಪಿರುತ್ತಿತ್ತು
ಆ ಇಲ್ಲದ ಮೆಟ್ಟಿಲು.

ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು
ತಂತಿಗಳನ್ನೆಲ್ಲ ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದ.
ದಪ್ಪ ತಂತಿ ಬೇಕೆಂದರೆ ಮೊಣಕೈವರೆಗೆ ಕೈ ಇಳಿಸಿ
ಹಾವು ಹಿಡಿದವನಂತೆ ಎಳೆದು ತೆಗೆಯುತ್ತಿದ್ದ.
ಆ ವಾರ ಬಾರಿಸಿದ ಮದುವೆಗಳಲ್ಲೆಲ್ಲ
ಬೆರಳ ಸಂದಿಗೆ ಕುಚ್ಚಲಕ್ಕಿಯ ಧೂಳು.
ತಿಂಗಳ ಕೊನೆಗೆ ಅದೇ ಅಕ್ಕಿ ಗಂಜಿಯಾಗುತ್ತಿತ್ತು,
ಅನ್ನುತ್ತಾನೆ ಮಿಂಗೇಲ್. ನಾನು ನಂಬುವುದಿಲ್ಲ.

ಆಂಪ್ಲಿಫೈಯರು ಯಾವುದೋ ಟೂರಿಂಗ್ ಟಾಕೀಸಿನದು.
ಸ್ವಿಚ್ ಹಾಕಿ, ಒಂದು ಚಾ ಕುಡಿದು ಮುಗಿಸಿದರೆ
ವಾಲ್ವು ನಿಧಾನಕ್ಕೆ ಕೆಂಪೇರುತ್ತಿತ್ತು.
ಆಗ ಕೆಳತಂತಿ ಮೀಟಿದರೆ
ಮೂಲೆಯ ಹಾರ್ಮೋನಿಯಂ ತಾನಾಗಿ ಹೂಂ ಅನ್ನುತ್ತಿತ್ತು,
ಕೆಳಗೆ ಹೊಲಿಗೆಯವನ ಸೂಜಿಗಳು ಡಬ್ಬಿಯಲ್ಲಿ ನಡುಗಿ
ಅವ ಕೋಲಿನಿಂದ ಅಟ್ಟ ಕುಟ್ಟುತ್ತಿದ್ದ.
ರುಜಾರ್ ಬಾಬ ತಲೆಯಾಡಿಸುತ್ತಿದ್ದ:
ತಾಳ ತಪ್ಪಿದ, ನೋಡು.

ಬೇಸ್ ಬಾರಿಸುವವರು ನಾವು ಮೂವರು,
ಬೇಸ್ ಗಿಟಾರು ಒಂದು.
ರಾತ್ರಿಗೆ ನಲವತ್ತು ರೂಪಾಯಿ ಬಾಡಿಗೆ.
ಮಿಂಗೇಲನಿಗೆ ಇಗರ್ಜಿಯ ಹಬ್ಬ, ಉಮಾಕಾಂತನಿಗೆ ಆರ್ಕೆಸ್ಟ್ರಾ,
ನನಗೆ ಅವರಿಬ್ಬರೂ ಬಿಟ್ಟ ರಾತ್ರಿಗಳು.
ತಂತಿ ಮಂಕಾದರೆ ಎಸೆಯುವ ಮಾತಿಲ್ಲ.
ಆಯಿ ಸಿಗಡಿ ಬೇಯಿಸುವ ಪಾತ್ರೆಯಲ್ಲಿ ಕುದಿಸಿ ಒರೆಸಿದರೆ
ಇನ್ನೆರಡು ಮದುವೆಗೆ ಮಿರುಗುತ್ತಿದ್ದವು.
ಮೂವರೂ ಕೂಡಿ ಕೊಳ್ಳೋಣ ಅಂತ ಮಾತಾಗಿತ್ತು.
ಒಬ್ಬನೇ ಯಾರೂ ಇಲ್ಲ.
ಕೋಡಿಬಾಗದ ಸೇತುವೆಯಲ್ಲಿ ನಿಂತು
ಕಾಳಿ ನದಿಗೆ ಕೈ ತೋರಿಸಿ ಆಣೆ.

ಆಮೇಲೆ ನಮ್ಮ ಅರ್ಗಾ ನೌಕಾನೆಲೆಗೆ ಹೋಯಿತು.
ದುಡ್ಡು ಬಂತು. ಅಪ್ಪ ದೋಣಿಗೆ ಇಂಜಿನ್ ಕೂರಿಸಿದ.
ಉಳಿದದ್ದನ್ನು ನಾನು ಆ ಮೆಟ್ಟಿಲು ಹತ್ತಿಸಿದೆ.
ರುಜಾರ್ ಬಾಬ ಎಣಿಸಲಿಲ್ಲ.
ಅಕ್ಕಿಯಲ್ಲಿ ಕೈಯಾಡಿಸಿ ನಾಲ್ಕು ಹೊಸ ತಂತಿ ಸುಮ್ಮನೆ ಕೊಟ್ಟ.
ಅವರು ಕೇಳಿದರೆ? ಅಂದೆ.
ಹಡಗಿನವನೊಬ್ಬ ಒಯ್ದ ಅನ್ನುತ್ತೇನೆ, ಅಂದ,
ಇಂಜಿನ್ ಇದ್ದಮೇಲೆ ನಿಮ್ಮದೂ ಹಡಗೇ ಅಲ್ವಾ.

ಗುರುತು ಸಿಗಬಾರದೆಂದು ಆ ವಾರವೇ ಬಳಿದೆ
ದೋಣಿಗೆ ಹಚ್ಚಿ ಉಳಿದ ನೀಲಿ, ಎರಡು ಸಲ.
ಮೊದಲಿನ ಬಣ್ಣ, ನಿಜ ಹೇಳುತ್ತೇನೆ, ನನಗೂ ಮರೆತಿದೆ.
ಕಾಲನಿಯ ಮನೆಯಲ್ಲಿ ಮಂಚದ ಕೆಳಗಿದೆ ಈಗ,
ಇಪ್ಪತ್ತೈದು ವರ್ಷದಿಂದ ಯಾರ ಮದುವೆಗೂ ಹೋಗದೆ.
ಹೊರಗೆ ತಂದರೆ ಗೊತ್ತಾಗುತ್ತದಲ್ಲ.
ಕೆಲವು ರಾತ್ರಿ ಎಳೆದುಕೊಂಡು
ದವಡೆಯನ್ನು ಅದರ ಮರಕ್ಕೆ ಒತ್ತಿ
ಕೆಳತಂತಿ ಮೀಟುತ್ತೇನೆ.
ಪಕ್ಕದ ಕೋಣೆಗೂ ಕೇಳುವುದಿಲ್ಲ,
ಹಲ್ಲಿಗೆ ಕೇಳುತ್ತದೆ.

ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ.
ಏಳನೆಯ ಮೆಟ್ಟಿಲು ಹಾಕಿಸಿದ್ದಾರೆ.
ಮೊನ್ನೆ ಹತ್ತುವಾಗ ಅಲ್ಲೇ ಎಡವಿದೆ.

ಚಾ ಆರಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ.
ನೀಲಿ, ಅನ್ನುತ್ತೇನೆ.
ಹುಚ್ಚ, ಅನ್ನುತ್ತಾರೆ, ಇವತ್ತು ಮೊದಲ ಸಲ
ಇಬ್ಬರೂ ಒಂದೇ ಶ್ರುತಿಯಲ್ಲಿ,
ನೀಲಿ ಎಂದೂ ಇರಲೇ ಇಲ್ಲ.
ಚಾದ ದುಡ್ಡು ನಾನೇ ಕೊಡುತ್ತೇನೆ.